ಅಳತೆಗಂಬದ ಮೇಲೆ ಮಿಂಚುಳ್ಳಿ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಓದುವವರು ಸಹಿಸಿಕೊಳ್ಳಬೇಕು. ಶಾಲೆ ಬಿಟ್ಟು ಎರಡು ವರ್ಷವಾಯಿತು. ಮಾತುಗಳೂ ಹುಡುಕಿದ ತಕ್ಷಣ ಸಿಗುವುದಿಲ್ಲ. ಇದು ನನ್ನ ಚಿಕ್ಕಮ್ಮನ ಕತೆ. ನಾನು ಕಣ್ಣಾರೆ ನೋಡದ್ದನ್ನು ಅವಳ ಹತ್ತಿರ ಎರಡೆರಡು ಸಲ ಕೇಳಿ ಬರೆದಿದ್ದೇನೆ.

ಚಿಕ್ಕಮ್ಮನದು ಕೆರೆಯ ನೀರಿನ ಮಟ್ಟ ಬರೆಯುವ ಕೆಲಸ. ಊರಿಗೆಲ್ಲ ಕುಡಿಯುವ ನೀರು ಆ ಕೆರೆಯದೇ. ದಡದ ಮೆಟ್ಟಿಲುಗಳ ಕೊನೆಯಲ್ಲಿ, ನೀರೊಳಗೆ, ಅಂಕಿ ಬರೆದ ಬಿಳಿ ಕಂಬವೊಂದಿದೆ. ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕೆಳಗಿಳಿದು, ನೀರು ಯಾವ ಅಂಕಿ ಮುಟ್ಟಿದೆಯೆಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಸಾಕ್ಷಿಗೆ ಕಂಬದ ಫೋಟೊ ತೆಗೆದು ಕಚೇರಿಗೆ ಕಳಿಸಬೇಕು.

ಆ ಫೋಟೊ ಆದ ಮೇಲೆ ಚಿಕ್ಕಮ್ಮ ತನಗೆಂದು ಇನ್ನೊಂದು ತೆಗೆಯುತ್ತಿದ್ದಳು. ಯಾವಾಗಲೂ ಮೇಲಿನ ಮೆಟ್ಟಿಲಿನ ಅದೇ ಒಡೆದ ಮೂಲೆಯಲ್ಲಿ ನಿಂತು, ಇಡೀ ಕೆರೆ ಹಿಡಿಸುವಂತೆ. ಚಳಿಗಾಲದಲ್ಲಿ ಮಂಜು ಕವಿದು ಆಚೆ ದಡವೇ ಮಾಯ. ಬೇಸಿಗೆಯಲ್ಲಿ ಬಿರಿದ ಕೆಸರಿನ ಮೇಲೆ ಕೊಕ್ಕರೆಯ ಹೆಜ್ಜೆಗಳು. ಮಳೆ ಬಿದ್ದ ವಾರದೊಳಗೆ ಕಣ್ಣು ಕುಕ್ಕುವ ಹಸಿರು. ವಾರಕ್ಕೊಂದನ್ನು ಆರಿಸಿ ಪ್ರಿಂಟ್ ಹಾಕಿಸಿ ಬಿಸ್ಕತ್ತಿನ ಡಬ್ಬದಲ್ಲಿಡುತ್ತಿದ್ದಳು.

"ಇಷ್ಟರಲ್ಲಿ ಗಂಡನ ಫೋಟೊ ಒಂದಾದ್ರೂ ಇದೆಯೇನೇ?" ಎಂದು ಚಿಕ್ಕಪ್ಪ ಕೆಣಕುತ್ತಿದ್ದ.

"ನೀವು ಹೋಗಿ ಕಂಬದ ಮೇಲೆ ಕೂತ್ಕೊಳ್ಳಿ, ತೆಗೀತೀನಿ."

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಿಂಚುಳ್ಳಿಯೊಂದು ಅಳತೆಗಂಬದ ನೆತ್ತಿಯ ಮೇಲೆ ಕೂರಲು ಶುರುಮಾಡಿತು, ಸರಿಯಾಗಿ ಏಳಕ್ಕೇ. ಕೆಳಗಿಳಿದರೆ ಹಾರಿಹೋಗುತ್ತದೆ. ಅದರ ತಿಂಡಿ ತಪ್ಪಿಸಲು ಚಿಕ್ಕಮ್ಮನಿಗೆ ಮನಸ್ಸು ಬರಲಿಲ್ಲ. ಮೇಲೆಯೇ ನಿಂತು ಕಾಯುತ್ತಿದ್ದಳು. ಬೇರೆಯವರಾದರೆ ಆಮೇಲೆ ಇಳಿದು ಸುಮ್ಮನೆ 'ಏಳು ಗಂಟೆ' ಎಂದು ಗೀಚಿಬಿಡುತ್ತಿದ್ದರು. ಇವಳು ಬರೆದದ್ದು '೭.೨೦'. ಪಕ್ಕದ ಷರಾ ಕಾಲಮಿನಲ್ಲಿ 'ಮಿಂಚುಳ್ಳಿ ಕೂತಿತ್ತು'. ಒಂದು ದಿನವಲ್ಲ, ಹತ್ತೊಂಬತ್ತು ದಿನ!

ಕಚೇರಿಯಿಂದ ಕಾಗದ ಬಂತು. ಸೋಮವಾರ ಎಂಜಿನಿಯರ್ ಖುದ್ದಾಗಿ ಬಂದು ನೋಡುತ್ತಾರೆ. ವಿಳಂಬಕ್ಕೆ ತಕ್ಕ ಕಾರಣ ಕಾಣದಿದ್ದರೆ ಅವಳನ್ನು ದಾಖಲೆ ಕೋಣೆಗೆ ಹಾಕುತ್ತಾರೆ. ಆ ಕೋಣೆಗೆ ಒಂದು ಕಿಟಕಿಯೂ ಇಲ್ಲ.

ಭಾನುವಾರ ಮಧ್ಯಾಹ್ನ ಚಿಕ್ಕಮ್ಮ ಡಬ್ಬ ಬರಿದು ಮಾಡಿ, ಚಿತ್ರಗಳನ್ನು ನೆಲದ ಮೇಲೆ ವಾರದ ಲೆಕ್ಕದಲ್ಲಿ ಸಾಲಾಗಿ ಜೋಡಿಸಿದಳು. ಇನ್ನು ಇವು ಮುಂದುವರಿಯುವುದಿಲ್ಲ, ಒಮ್ಮೆ ಕಣ್ತುಂಬ ನೋಡಿಬಿಡೋಣ ಎಂದು. ಚಿಕ್ಕಪ್ಪ ಮೆಲ್ಲಗೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಅಲ್ಲ ಕಣೇ, ನಿನ್ನ ಹಕ್ಕಿಗೆ ಮೊದಲು ಬೇರೆ ಕುರ್ಚಿ ಇತ್ತಲ್ಲ?"

"ಯಾವ ಕುರ್ಚಿ?"

ಅವನು ಚಳಿಗಾಲದ ಸಾಲಿನ ಮೇಲೆ ಬೆರಳಿಟ್ಟ. ಕಂಬದಿಂದ ಸ್ವಲ್ಪ ಆಚೆ ನೀರಲ್ಲಿ ಒಂದು ಒಣಕೊಂಬೆ ಸಿಕ್ಕಿಕೊಂಡು ನಿಂತಿತ್ತು, ಕಂಬಕ್ಕಿಂತ ಎತ್ತರ. ಅದರ ತುದಿಯಲ್ಲಿ ನೀಲಿಯ ಒಂದು ಚುಕ್ಕೆ. ಬೇಸಿಗೆಯ ಚಿತ್ರಗಳಲ್ಲೂ ಕೊಂಬೆಯಿತ್ತು. ಮಳೆಯ ಮೂರನೇ ವಾರದಿಂದಾಚೆ ಇರಲಿಲ್ಲ, ಪ್ರವಾಹಕ್ಕೆ ಕೊಚ್ಚಿಹೋಗಿತ್ತು.

"ಅಯ್ಯೋ, ದಿನಾ ನೋಡ್ತಾ ಇದ್ದೂ ನಂಗೆ ಹೊಳೀಲೇ ಇಲ್ವಲ್ಲ!"

"ಗಂಡನ್ನ ನೋಡದೆ ಹಕ್ಕಿ ನೋಡಿದ್ರೆ ಹೀಗೇ," ಎಂದು ಚಿಕ್ಕಪ್ಪ ಮೀಸೆಯಡಿಯಲ್ಲೇ ನಕ್ಕ.

ಮರುದಿನ ಎಂಜಿನಿಯರ್ ಏಳಕ್ಕೆ ಐದು ನಿಮಿಷ ಮೊದಲೇ ಬಂದರು. ಹಕ್ಕಿಯೂ ಕೂತಿತ್ತು. ಅವರು ದಡಬಡ ಇಳಿಯತೊಡಗಿದಾಗ, ಮೇಲಿನವರಿಗೆ ಎಂದೂ ಎದುರು ಮಾತಾಡದ ಚಿಕ್ಕಮ್ಮನ ಬಾಯಿಂದ "ಷ್! ಸಾರ್!" ಎಂದು ಹೊರಟೇಬಿಟ್ಟಿತು. ಎಂಜಿನಿಯರ್ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ಹಾಗೇ ನಿಂತರು. ಮಿಂಚುಳ್ಳಿ ಕಲ್ಲೆಸೆದಂತೆ ನೀರಿಗೆ ಬಿತ್ತು. ಮೀನು ಕಚ್ಚಿಕೊಂಡು ಮೇಲೆದ್ದು, ಕಂಬಕ್ಕೆ ಪಟಪಟ ಬಡಿದು ನುಂಗಿತು.

"ಅಬ್ಬಾ! ಇನ್ನೊಂದ್ಸಲ ಹಿಡಿಯುತ್ತಾ?" ಎಂದರು ಎಂಜಿನಿಯರ್, ಪಿಸುದನಿಯಲ್ಲಿ.

"ಕಾಯ್ಬೇಕು ಸಾರ್."

ಕಾದರು. ಅದು ಹಾರಿದಾಗ ಏಳು ಹದಿನೆಂಟು. ಚಿಕ್ಕಮ್ಮ ಇಳಿದು ಅಂಕಿ ನೋಡಿ, '೭.೧೮' ಎಂದೇ ಬರೆದಳು.

"ನಾನು ಎದುರಿಗಿದ್ರೂ ತಡ ಅಂತ ಬರೀತೀರಲ್ಲಮ್ಮ! ಏಳು ಅಂತ ಬರೆದಿದ್ರೆ ಯಾರು ಕೇಳ್ತಿದ್ರು?"

"ಏಳಕ್ಕೆ ನೋಡ್ಲಿಲ್ವಲ್ಲ ಸಾರ್."

ಎಂಜಿನಿಯರ್ ನಕ್ಕರು. ಆದರೂ ತಲೆಯಾಡಿಸಿದರು. "ಏಳು ಅಂದ್ರೆ ಏಳೇ ಆಗ್ಬೇಕು. ಏನ್ಮಾಡ್ತೀರಿ?"

ಚಿಕ್ಕಮ್ಮ ಜೊತೆಗೆ ತಂದಿದ್ದ ಡಬ್ಬ ತೆರೆದಳು. ಒಂದೊಂದೇ ಚಿತ್ರ ತೋರಿಸಿದಳು. "ಕೊಂಬೆ ಇದ್ದಷ್ಟು ದಿನ ಒಂದು ದಿನಾನೂ ತಡ ಆಗಿಲ್ಲ ಸಾರ್. ಎತ್ತರದ್ದೊಂದು ಗಳ ಅಲ್ಲಿ, ಸ್ವಲ್ಪ ದೂರದಲ್ಲಿ ನೆಟ್ಟುಕೊಟ್ರೆ ಸಾಕು."

ಅವರು ಚಿತ್ರಗಳನ್ನು ಮೊದಲಿಂದ ಮತ್ತೊಮ್ಮೆ ನೋಡಿದರು. ಆಮೇಲೆ ರಿಜಿಸ್ಟರ್ ಎಳೆದುಕೊಂಡು ಷರಾ ಕಾಲಮಿನಲ್ಲಿ ತಾವೇ ಬರೆದರು: 'ಮಿಂಚುಳ್ಳಿ ಕೂತಿತ್ತು. ನಾನೂ ನೋಡಿದೆ. ಗಳ ನೆಡಿಸುವುದು. ಇವರು ಇಲ್ಲೇ ಮುಂದುವರಿಯಲಿ.'

ಗಳ ನೆಟ್ಟ ಮೂರನೇ ದಿನ ಹಕ್ಕಿ ಅದರ ತುದಿಗೆ ಬಂದು ಕೂತಿತು. ಚಿಕ್ಕಮ್ಮ ಏಳಕ್ಕೆ ಸರಿಯಾಗಿ ಮಟ್ಟ ಬರೆದು, ಒಡೆದ ಮೂಲೆಯಲ್ಲಿ ನಿಂತು ತನ್ನ ಚಿತ್ರ ತೆಗೆದಳು. ಅದರಲ್ಲಿ ಚಿಕ್ಕಪ್ಪನೂ ಇದ್ದಾನೆ. ಮೊದಲ ಚಳಿಗೆ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು, ಕೆಳಗಿನ ಮೆಟ್ಟಿಲ ಮೇಲೆ, ಹಕ್ಕಿಗಿಂತ ನೆಟ್ಟಗೆ ಕೂತಿದ್ದಾನೆ.

ಎಲ್ಲ ಚಿತ್ರಗಳ ಹಿಂದೆ ತಾರೀಕು, ನೀರಿನ ಮಟ್ಟ ಬರೆದುಕೊಡು ಎಂದು ಚಿಕ್ಕಮ್ಮ ನನಗೆ ಹೇಳಿದ್ದಾಳೆ. ನಾಳೆ ಚಳಿಗಾಲದ ಸಾಲಿನಿಂದ ಶುರುಮಾಡುತ್ತೇನೆ. ಮೊದಲು ಪೆನ್ಸಿಲಿನಲ್ಲಿ ಬರೆದು, ಸರಿ ಕಂಡರೆ ಮೇಲೆ ಶಾಯಿಯಲ್ಲಿ ತಿದ್ದುತ್ತೇನೆ.