ಡಿಲೂಕಾಗೆ ಬೀಳದ ಓಟು

ಮೈಸೂರಿನ ಬದರೀನಾಥರು ದೇಶ ಬಿಟ್ಟು ಮಾರಿಸ್‌ಟೌನಿನ ಹತ್ತಿರದ ಒಂದು ಸಣ್ಣ ಕಾಲೇಜಿಗೆ ಕೆಮಿಸ್ಟ್ರಿ ಮೇಷ್ಟರಾಗಿ ಬಂದಾಗ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಸಿದವರು ಪಕ್ಕದ ಮನೆಯ ವಿನ್ಸೆಂಟ್ ಡಿಲೂಕಾ. ಭಾನುವಾರ ಚರ್ಚ್ ಮುಗಿಸಿ ಬಂದು, ಸ್ಟೇಡಿಯಮ್ಮಿನ ಮುಂದಿನ ಖಾಲಿ ಜಾಗದಲ್ಲಿ ಬದರೀನಾಥರನ್ನು ಸುತ್ತು ಹಾಕಿಸುತ್ತಿದ್ದರು. ಹಿಮದ ಮೇಲೆ ಕಾರು ಜಾರಿದರೆ ಬ್ರೇಕ್ ಒತ್ತಬಾರದು ಎಂಬುದನ್ನು ಬದರೀನಾಥರು ಕಲಿತದ್ದು ಅವರಿಂದಲೇ.

ಡಿಲೂಕಾ ಅದೇ ಕಾಲೇಜಿನ ಫುಟ್‌ಬಾಲ್ ತಂಡದ ಸಹಾಯಕ ಕೋಚ್. ಐವತ್ತು ದಾಟಿದ, ದಪ್ಪ ಕತ್ತಿನ, ಕಡಿಮೆ ಮಾತಿನ ಮನುಷ್ಯ. ಚೆಂಡನ್ನು ಎದೆಗವಚಿಕೊಂಡು ಓಡುವ, ಮೈಮೇಲೆ ಬಿದ್ದು ತಡೆಯುವ ಈ ಆಟ ಬದರೀನಾಥರಿಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು. ಆಮೇಲೆ ಅವರು ಒಂದು ಶನಿವಾರವೂ ತಪ್ಪಿಸಲಿಲ್ಲ. ಹೀಗಾಗಿ ಕಾಲೇಜಿನ ಕ್ರೀಡಾ ಸಮಿತಿಗೆ ಅಧ್ಯಾಪಕರ ಕಡೆಯಿಂದ ಒಬ್ಬರು ಬೇಕಾದಾಗ, ಬೇರೆ ಯಾರೂ ಒಪ್ಪದೆ, ಆ ಕೆಲಸ ಇವರ ತಲೆಗೇ ಬಂತು.

೧೯೭೩ರ ಚಳಿಗಾಲದಲ್ಲಿ ಹೆಡ್ ಕೋಚ್ ಆರೋಗ್ಯ ಕೆಟ್ಟು ಕೆಲಸ ಬಿಟ್ಟರು. ಮುಂದಿನವರು ಡಿಲೂಕಾ ಎಂದೇ ಊರೆಲ್ಲ ಅಂದುಕೊಂಡಿತ್ತು. ಆದರೆ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಹುಡುಗರು ಉದ್ದ ಕೂದಲು ಬಿಟ್ಟಿದ್ದರು, ಗದರಿಸಿದರೆ ಯಾಕೆ ಎಂದು ಕೇಳುತ್ತಿದ್ದರು. ಸುತ್ತಮುತ್ತಲ ಕಾಲೇಜುಗಳು ಮೂವತ್ತರ ಆಸುಪಾಸಿನವರನ್ನು ತಂದು ಹೆಡ್ ಕೋಚ್ ಮಾಡತೊಡಗಿದ್ದವು. ಈ ಕಾಲೇಜಿಗೂ ಅರ್ಜಿ ಹಾಕಿದವರಲ್ಲಿ ನೀಲ್ ಹ್ಯಾಲರನ್ ಎಂಬ ತರುಣನೊಬ್ಬನಿದ್ದ. ಕೊನೆಗೆ ಉಳಿದದ್ದು ಅವನು ಮತ್ತು ಡಿಲೂಕಾ.

ಆಯ್ಕೆ ಆ ಕ್ರೀಡಾ ಸಮಿತಿಯದೇ. ಸಂದರ್ಶನದಲ್ಲಿ ಬದರೀನಾಥರು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು. ಆ ವರ್ಷ ಅವರ ತರಗತಿಯ ಒಬ್ಬ ಒಳ್ಳೆಯ ಆಟಗಾರ ಕೂದಲು ಕತ್ತರಿಸು ಎಂದ ಕೋಚ್ ಜೊತೆ ಜಗಳವಾಡಿ ತಂಡ ಬಿಟ್ಟಿದ್ದ, ಆಮೇಲೆ ಕಾಲೇಜನ್ನೂ ಬಿಟ್ಟಿದ್ದ. ಅಂಥ ಹುಡುಗ ಹೊರಟುಹೋದರೆ ನೀವೇನು ಮಾಡುತ್ತೀರಿ? ಹೋಗುವವನನ್ನು ತಡೆಯುವುದಿಲ್ಲ, ಉಳಿದವರ ಜೊತೆ ಆಡುತ್ತೇನೆ ಎಂದರು ಡಿಲೂಕಾ. ಹ್ಯಾಲರನ್, ಮೊದಲು ಅವನ ರೂಮಿಗೆ ಹೋಗಿ ಯಾಕೆ ಅಂತ ಕೇಳುತ್ತೇನೆ ಎಂದ.

ಬದರೀನಾಥರು ಹ್ಯಾಲರನ್‌ಗೆ ಓಟು ಹಾಕಿದರು. ಸಮಿತಿಯ ಬಹುಮತವೂ ಅವನಿಗೇ ಬಂತು.

ಯಾರು ಯಾರಿಗೆ ಹಾಕಿದರೆಂದು ಹೊರಗೆ ಹೇಳುವಂತಿರಲಿಲ್ಲ. ಮನೆಗೆ ಬಂದ ಬದರೀನಾಥರು ಕಾಫಿ ಮುಟ್ಟದೆ ಕೂತಿದ್ದನ್ನು ನೋಡಿ ಹೆಂಡತಿ ಅಲಮೇಲು ವಿಷಯ ಹೊರಡಿಸಿದರು.

“ಹೇಳ್ದೇ ಇದ್ರೆ ಅವರ ಎದುರಿಗೆ ದಿನಾ ಹ್ಯಾಗೆ ಓಡಾಡ್ತೀರಾ?” ಎಂದರು. “ನೀವೇ ಹೋಗಿ ಹೇಳಿಬಿಡಿ.”

ಡಿಲೂಕಾ ಮನೆ ಮುಂದೆ ಹಿಮ ಎತ್ತಿ ಹಾಕುತ್ತಿದ್ದರು. ಸುದ್ದಿ ಆಗಲೇ ತಲುಪಿತ್ತು. ಬದರೀನಾಥರು ತಮ್ಮ ಓಟು ಯಾರಿಗೆ ಬಿತ್ತು, ಯಾಕೆ ಬಿತ್ತು ಎರಡನ್ನೂ ಹೇಳಿದರು. ಡಿಲೂಕಾ ಸಲಿಕೆ ನಿಲ್ಲಿಸಿ ಕೇಳಿಸಿಕೊಂಡರು.

“ಪ್ರೊಫೆಸರ್, ನೀವು ಮನೆಗೆ ಹೋಗಿ,” ಎಂದರು. ಮತ್ತೆ ಹಿಮ ಎತ್ತತೊಡಗಿದರು.

ಆಮೇಲೆ ಎರಡು ಮನೆಗಳ ನಡುವೆ ಮಾತು ತಲೆಯಾಡಿಸುವಷ್ಟಕ್ಕೆ ಬಂದು ನಿಂತಿತು. ಡಿಲೂಕಾ ಅವರ ಹೆಂಡತಿ ರೋಸ್ ಮಾತ್ರ ಅಲಮೇಲು ಜೊತೆ ಎಂದಿನಂತೆ ಸೂಪರ್‌ಮಾರ್ಕೆಟ್ಟಿಗೆ ಹೋಗಿಬರುತ್ತಿದ್ದರು. ಡಿಲೂಕಾ ರಾಜೀನಾಮೆಗೆ ಸಿದ್ಧರಾಗಿದ್ದಾರೆಂದು ಹೇಳಿದವರೂ ಅವರೇ. ಆದರೆ ಹ್ಯಾಲರನ್ ಬಿಡಲಿಲ್ಲ. ಮತ್ತೆ ಮತ್ತೆ ಡಿಲೂಕಾ ಮನೆಗೆ ಬಂದ, ಅಡುಗೆಮನೆಯ ಮೇಜಿನ ಮುಂದೆ ಕೂತು, ನೀವಿಲ್ಲದೆ ನನ್ನ ಕೈಲಾಗುವುದಿಲ್ಲ ಎಂದ. ಹುಡುಗರ ಮುಖ ನೋಡಿ ಡಿಲೂಕಾ ಉಳಿದರು.

ಮೊದಲ ವರ್ಷ ತಂಡ ಸೋತದ್ದೇ ಹೆಚ್ಚು. ಸ್ಟ್ಯಾಂಡಿನಲ್ಲಿ ಜನ ಗೊಣಗುವಾಗ ಬದರೀನಾಥರು ಕಂಬಳಿ ಹೊದ್ದು ತೆಪ್ಪಗೆ ಕೂರುತ್ತಿದ್ದರು.

ಎರಡನೆಯ ವರ್ಷದ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಡಿಲೂಕಾ ಲ್ಯಾಬಿಗೆ ಬಂದು ಬಾಗಿಲಲ್ಲಿ ನಿಂತರು.

“ನಿಮ್ಮ ಕ್ಲಾಸಿನ ಒಬ್ಬ ಹುಡುಗ ಪ್ರಾಕ್ಟೀಸಿಗೆ ಬರ್ತಾ ಇಲ್ಲ. ನಿನ್ನೆ ಅವನ ರೂಮಿಗೆ ಹೋಗಿದ್ದೆ. ಕೆಮಿಸ್ಟ್ರಿಯಲ್ಲಿ ಫೇಲ್ ಆಗ್ತೀನಿ ಅನ್ನೋ ಭಯವಂತೆ. ಏನಾದ್ರೂ ಮಾಡೋಕಾಗುತ್ತಾ?”

ಬದರೀನಾಥರು ಸ್ಟೂಲು ಎಳೆದು ಕೊಟ್ಟರು. ವಾರಕ್ಕೆರಡು ಸಂಜೆ ಆ ಹುಡುಗನಿಗೆ ಪಾಠ ಹೇಳುವುದೆಂದಾಯಿತು. ಹಳೆಯ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ನಾಲ್ಕು ಸೀಸನ್ ಮುಗಿಸಿ, ತಂಡವನ್ನು ಒಂದು ದಾರಿಗೆ ತಂದು, ಹ್ಯಾಲರನ್ ದೊಡ್ಡ ಕಾಲೇಜೊಂದಕ್ಕೆ ಹೊರಟುಹೋದ. ಹೋಗುವಾಗ ತನ್ನ ಜಾಗಕ್ಕೆ ಡಿಲೂಕಾ ಹೆಸರು ಹೇಳಿಹೋದ. ಬದರೀನಾಥರು ಆಗ ಸಮಿತಿಯಲ್ಲಿರಲಿಲ್ಲ. ಎಲ್ಲ ಕಡೆಯೂ ಎಳೆಯರನ್ನೇ ಹುಡುಕುತ್ತಿದ್ದ ಕಾಲದಲ್ಲಿ ಈ ಕಾಲೇಜು ಅರವತ್ತರ ಹತ್ತಿರದ ಒಬ್ಬರನ್ನು ಹೆಡ್ ಕೋಚ್ ಮಾಡಿತು.

ಆ ಸಂಜೆ ಡಿಲೂಕಾ ಹಿತ್ತಲ ಬೇಲಿಯ ಹತ್ತಿರ ಬಂದು ನಿಂತರು.

“ಆವತ್ತೇ ಕೊಟ್ಟಿದ್ರೂ ನಾನು ಚೆನ್ನಾಗೇ ಮಾಡ್ತಿದ್ದೆ, ಪ್ರೊಫೆಸರ್.”

ಬದರೀನಾಥರೂ ಬೇಲಿಯ ಹತ್ತಿರ ಹೋದರು. “ಇರಬಹುದು,” ಎಂದರು. “ಆದ್ರೂ ಆವತ್ತು ನನಗೆ ಅವನೇ ಸರಿ ಅನ್ನಿಸಿದ್ದು.”

ಡಿಲೂಕಾ ತಲೆಯಾಡಿಸಿದರು. ಕೋಪ ಮಾಡಿಕೊಳ್ಳಲಿಲ್ಲ. ಅಲಮೇಲು ಒಳಗಿನಿಂದ ಇಬ್ಬರಿಗೂ ಕಾಫಿ ತಂದುಕೊಟ್ಟರು. ಹೊಸ ಸೀಸನ್ನಿಗೆ ಯಾವ ಹುಡುಗನನ್ನು ಎಲ್ಲಿ ನಿಲ್ಲಿಸಬೇಕೆಂಬ ಮಾತು ಕತ್ತಲಾಗುವವರೆಗೂ ನಡೆಯಿತು.