ಖಾನಾಪುರದವರೆಗೆ ಟ್ರಯಲ್

ನನ್ನ ಕಾರಿಗೆ ಕ್ಲಚ್ ಇಲ್ಲ, ಗೇರ್ ತಾನಾಗಿಯೇ ಬದಲಾಗಬೇಕು. ಆದರೆ ಈಚೆಗೆ ಆ ಮಹಾರಾಯ ಬಿಸಿಯಾದಾಗಲೆಲ್ಲ ಜಗ್ಗಿ, ಒಂದೇ ಗೇರಿಗೆ ಅಂಟಿಕೊಂಡು ನಡುರಸ್ತೆಯಲ್ಲಿ ನನ್ನ ಮಾನ ಕಳೆಯುತ್ತಿದ್ದ. ಗ್ಯಾರೇಜಿಗೆ ಒಯ್ದರೆ ಬೆಕ್ಕಿನ ಮರಿಯಂತೆ ಸುಮ್ಮನಿರುತ್ತಿದ್ದ. ಸಿಟ್ಟು ನೆತ್ತಿಗೇರಿ ಮಹಾಂತೇಶ ನಗರದ ಶೀತಲಣ್ಣನ ಹತ್ತಿರ ಹೋದೆ.

ಶೀತಲಣ್ಣ ಮೊದಲು ಲಾರಿ ಡ್ರೈವರ್. ಖಾನಾಪುರದಿಂದ ಹೆಂಚು ತುಂಬಿಕೊಂಡು ಊರೂರು ತಿರುಗಿದವರು. ಅಪಘಾತದಲ್ಲಿ ಎಡಗಾಲು ಹೋಯಿತು, ಕ್ಲಚ್ ತುಳಿಯುವ ಕಾಲೇ ಅದು. ಆಮೇಲೆ ಗಾಡಿಯ ದೋಷ ತೋರಿಸುವ ಸ್ಕ್ಯಾನರ್ ಯಂತ್ರದ ಕೆಲಸ ಕಲಿತು, ಆಟೋಮ್ಯಾಟಿಕ್ ಗಾಡಿಗಳ ರೋಗ ಹಿಡಿಯುವುದರಲ್ಲಿ ಹೆಸರು ಮಾಡಿದರು. ಸ್ವಂತ ಕಾರಿಲ್ಲ. ಗಿರಾಕಿಗಳ ಗಾಡಿ ಟ್ರಯಲ್ ನೋಡುವಾಗ ಮಾತ್ರ ಕೈಗೆ ಸ್ಟೀರಿಂಗ್ ಸಿಗುವುದು. ಫಾಲ್ಟ್ ಸಿಕ್ಕ ಕೂಡಲೇ ತಿರುಗಿಸಿಬಿಡುತ್ತಾರೆ, ಮುಂದೆ ಒಂದು ಮಾರೂ ಹೋಗುವುದಿಲ್ಲ. ಪಾಪ, ಹೆಚ್ಚಿನ ಫಾಲ್ಟುಗಳು ಊರೊಳಗೇ ಸಿಕ್ಕುಬಿಡುತ್ತವೆ.

“ಅಕ್ಕಾರ, ಇದು ಬಿಸಿ ಆದ ಮ್ಯಾಲ ಬರೂ ಫಾಲ್ಟ್. ದೂರ ಹೋಗಬೇಕಾಗತೈತಿ. ಖಾನಾಪುರ ರೋಡಿಗೆ ಹೋಗೂಣೇನ್ರಿ?” ಕೇಳುವಾಗಲೇ ಅವರ ಮುಖ ಅರಳಿತ್ತು. “ಆ ರೋಡ್ ಹೊಡದು ವರ್ಷಗಟ್ಟಲೆ ಆತು.”

“ಬಸ್ ಐತಲ್ಲ?” ಎಂದು ಛೇಡಿಸಿದೆ.

“ಬಸ್ಸಿನ್ಯಾಗ ಹೋಗತೀನ್ರಿ, ಖರೇ. ಆದ್ರ ಕೈ ಸುಮ್ಮನ ಕುಂದರೂದಿಲ್ಲ. ತಿರುವು ಬಂದ್ರ ಮುಂದಿನ ಸೀಟಿನ ಕಂಬಿನ ತಿರುವಾಕ ಹತ್ತತೀನಿ.”

ಸ್ಟೀರಿಂಗ್ ಕೆಳಗೆ ಸ್ಕ್ಯಾನರಿನ ವಯರ್ ಚುಚ್ಚಿದರು. ಅದರ ಪರದೆ ಪಕ್ಕದಲ್ಲಿ ಕುಳಿತ ಅವರ ಹೆಂಡತಿ ಅನುಜಾಳ ಮಡಿಲಲ್ಲಿ, ನಾನು ಹಿಂದಿನ ಸೀಟಿನಿಂದ ಇಣುಕುತ್ತಿದ್ದೆ. “ವೇಗದ ಅಂಕಿ ಮ್ಯಾಲ ಕಣ್ಣಿಡು. ಒಮ್ಮೆಲೇ ಬಿದ್ರ ಹೇಳು, ತಿರುಗಿಸೂಣು,” ಎಂದರು ಹೆಂಡತಿಗೆ.

ಪಿರಣವಾಡಿ ದಾಟಿದ ಮೇಲೆ ಗೇರ್ ಎಣ್ಣೆ ಬಿಸಿಯೇರಿತು. ಗಾಡಿ ಓಡುತ್ತಿದ್ದಂತೆಯೇ ವೇಗದ ಅಂಕಿ ಸೊನ್ನೆಗಿಳಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಏರಿತು. ವೇಗ ಅಳೆಯುವ ಸೆನ್ಸರೇ ಕೈಕೊಡುತ್ತಿತ್ತು. ಗಾಡಿ ಜಗ್ಗಲಿಲ್ಲ, ಕಣ್ಣು ರಸ್ತೆಯ ಮೇಲೇ ಇತ್ತು, ಹಾಗಾಗಿ ಶೀತಲಣ್ಣನಿಗೆ ಗೊತ್ತಾಗಲಿಲ್ಲ. ಹೇಳಲು ನಾನು ಬಾಯಿ ತೆರೆದೆ. ಅನುಜಾ ಹೊರಳಿ ನನ್ನತ್ತ ಒಮ್ಮೆ ನೋಡಿದಳು. ನಾನು ದೊಡ್ಡ ಬಾಯಿಬಡುಕಿ, ಆದರೂ ತೆರೆದ ಬಾಯಿ ಮುಚ್ಚಿಕೊಂಡೆ.

ಶೀತಲಣ್ಣ ಎದುರು ಬಂದ ಲಾರಿಗಳಿಗೆಲ್ಲ ಹಾರ್ನ್ ಹೊಡೆದು ಕೈ ಎತ್ತುತ್ತಿದ್ದರು. ಆ ಡ್ರೈವರುಗಳಲ್ಲಿ ಒಬ್ಬರೂ ಪರಿಚಯದವರಲ್ಲ. ಹಿಂದೆ ಕುಳಿತ ನನಗೆ ಸುಮ್ಮಸುಮ್ಮನೆ ಅಳು ಬಂತು.

ಖಾನಾಪುರ ದಾಟಿ ಮಲಪ್ರಭಾ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿದರು. “ಇಲ್ಲೀ ಮಟ ಬಂದ್ರೂ ಫಾಲ್ಟ್ ಸಿಗಲಿಲ್ಲ. ಅಕ್ಕಾರ ಪೆಟ್ರೋಲ್ ಸುಮ್ಮನ ಸುಟ್ಟಂಗಾತು,” ಎಂದು ಪೆಚ್ಚಾದರು.

“ಸಿಕ್ಕೈತ್ರಿ,” ಎಂದಳು ಅನುಜಾ. “ಪಿರಣವಾಡಿ ದಾಟಿದ ಕೂಡ್ಲೇ ಸಿಕ್ತು.”

“ಮತ್ತ ಆವಾಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ತಿರುಗಿಸ್ತಿದ್ರಿ.”

ಶೀತಲಣ್ಣ ಇಂಜಿನ್ ಬಂದ್ ಮಾಡಿದರು. ಸ್ಟೀರಿಂಗ್ ಮೇಲಿನ ಕೈ ಮಾತ್ರ ತೆಗೆಯಲಿಲ್ಲ. ಘಟ್ಟದ ಕಡೆ ಹೋಗುವ ಲಾರಿಗಳನ್ನೇ ನೋಡುತ್ತ ಕುಳಿತರು. ಗಾಡಿ ತಿರುಗಿಸಿ ಎನ್ನಲು ನನಗೆ ಮನಸ್ಸಾಗಲಿಲ್ಲ.