ಎಂಜಿನ್ನಿಗೆ ಹಾಕಿದ ತೀರ್ಥ

ಕಳೆದ ಶ್ರಾವಣದಲ್ಲಿ ನಮ್ಮ ಕಾರು ಹರಿಹರಪುರ ದಾಟಿದ ಮೇಲೆ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಪಕ್ಕದ ಸೀಟಿನಲ್ಲಿ ನಮ್ಮ ಮನೆಯವರಿದ್ದರು. ಅವರ ಎರಡೂ ಕಿಡ್ನಿ ಕೈಕೊಟ್ಟಿವೆ; ವಾರಕ್ಕೆ ಮೂರು ಸಲ ಶೃಂಗೇರಿಯಿಂದ ಕೊಪ್ಪದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಲೇಬೇಕು, ಕುಡಿಯುವ ನೀರೂ ಡಾಕ್ಟರು ಹೇಳಿದ ಅಳತೆಯಷ್ಟೇ. ಅಂದು ಸರದಿ ತಪ್ಪಿತು. ಮನೆಗೆ ಬಂದರೆ ಅವರಿಗೆ ಮಲಗಲಾಗದಷ್ಟು ಉಸಿರು ಕಟ್ಟುತ್ತಿತ್ತು. ದಿಂಬು ಒಟ್ಟಿ ಕೂರಿಸಿದೆ. ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಅಕ್ಕಿ ತೊಳೆದು ಕುಕ್ಕರ್ ಇಟ್ಟೆ.

ಇನ್ನೊಮ್ಮೆ ಹೀಗಾದರೆ ಹೃದಯ ತಡೆಯಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದರು. ‘ಆಯ್ತು ಸಾರ್’ ಎಂದೆ, ನಾಳೆ ಹಾಲು ಬೇಡ ಎನ್ನುವ ಧಾಟಿಯಲ್ಲಿ.

ಬಸ್ಸಿಗೆ ಹೋಗಬಾರದಿತ್ತೇ ಎಂದು ಕೇಳುವವರಿದ್ದಾರೆ. ಡಯಾಲಿಸಿಸ್ ಮುಗಿಸಿದವರು ಬಸ್ಸಿನ ಮೆಟ್ಟಿಲು ಹತ್ತುವುದನ್ನು ಅವರು ನೋಡಿಲ್ಲ.

ಕೊಪ್ಪದಲ್ಲಿ ಗ್ಯಾರೇಜಿಟ್ಟಿರುವ ಇಮ್ತಿಯಾಜ್ ಸ್ಕ್ಯಾನರ್ ಹಾಕಿ ನೋಡಿದ. ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟು ಬೆರೆತಿದೆ ಎಂದು ಅಳೆದು ಎಂಜಿನ್ನಿಗೆ ತಿಳಿಸುವ ಸೆನ್ಸರ್ ಒಂದು ನಮ್ಮ ಕಾರಿನಲ್ಲಿದೆಯಂತೆ. ಅದು ಹೋಗಿದೆ ಎಂದ. ಹೊಸದು ತರಿಸಿ ಹಾಕಿದ. ಸ್ವಲ್ಪ ದಿನ ಓಡಿತು, ಮತ್ತೆ ಮುಗ್ಗರಿಸತೊಡಗಿತು.

“ಹೊಸ ಸೆನ್ಸರೂ ಹೋಗಿದೆ ಅಂತ ತೋರಿಸ್ತಿದೆ ಅಕ್ಕಾ. ಹೀಗೆ ಎಲ್ಲೂ ನೋಡಿಲ್ಲ ನಾನು. ಬೇರೆ ತರಿಸ್ತೀನಿ, ಅಲ್ಲಿ ತನ್ಕ ಹೇಗಾದ್ರೂ ಓಡಿಸಿ,” ಎಂದ.

ನನ್ನ ಪಾಲಿನದನ್ನು ನಾನೂ ಮಾಡುತ್ತಿದ್ದೆ. ಕಾರು ಮನೆಗೆ ಬಂದಂದಿನಿಂದ, ಹೊರಡುವ ಮೊದಲು ಬಾನೆಟ್ ಎತ್ತಿ ಎಂಜಿನ್ನಿಗೆ ಕುಂಕುಮ ಹಚ್ಚಿ ತೀರ್ಥ ಚಿಮುಕಿಸುವುದು ರೂಢಿ. ಕಾರು ಕೈಕೊಡತೊಡಗಿದ ಮೇಲೆ ಚಿಮುಕಿಸುವುದು ಹೋಗಿ ಸುರಿಯುವುದಾಯಿತು. ದಾರಿಗೂ ಒಂದು ಸಣ್ಣ ಬಾಟಲಿ ಇಟ್ಟುಕೊಂಡೆ. ಭಕ್ತಿ ಹೆಚ್ಚಿತ್ತು ಎಂದು ಹೇಳಲಾರೆ. ಬೇರೇನೂ ತೋಚುತ್ತಿರಲಿಲ್ಲ.

ಶಾರದಮ್ಮನ ಎದುರು ನಿಂತರೂ ಬಾಯಿಂದ ಒಂದೇ ಮಾತು ಹೊರಡುತ್ತಿತ್ತು: “ಕಾರು ನಿಲ್ಲದ ಹಾಗೆ ನೋಡಿಕೋ ತಾಯಿ.” ಅಷ್ಟು ಹೇಳಿ ಬರುತ್ತಿದ್ದೆ.

ಮುಂದಿನ ವಾರ ಅದೇ ದಾರಿಯಲ್ಲಿ ಕಾರು ಮತ್ತೆ ನಿಂತಿತು. ಇಳಿದು ಬಾನೆಟ್ ಎತ್ತಿ, ಬಾಟಲಿಗೆ ಕೈ ಹಾಕಿದರೆ ಖಾಲಿ.

“ತೀರ್ಥ ಎಂತಾಯ್ತು?”

“ನಾನು ಕುಡ್ದೆ ಮಾರಾಯ್ತಿ. ಬಾಯಾರಿತ್ತು. ನೀರು ಕೇಳಿದ್ರೆ ನೀನು ಅಳತೆ ಲೋಟ ತರ್ತೀಯ. ತೀರ್ಥಕ್ಕೆ ಡಾಕ್ಟ್ರೂ ಬೇಡ ಅನ್ನಲ್ಲ ಅಂದ್ಕೊಂಡೆ.”

ಬೈಯಬೇಕಿತ್ತು. ಅದಕ್ಕೂ ತ್ರಾಣವಿರಲಿಲ್ಲ. ಸುರಿಯಲು ಏನೂ ಇಲ್ಲದೆ, ಅವತ್ತೇ ಮೊದಲ ಸಲ ಆ ಎಂಜಿನ್ನನ್ನು ಸುಮ್ಮನೆ ನೋಡುತ್ತ ನಿಂತೆ. ಇಮ್ತಿಯಾಜ್ ಹಾಕಿದ ಸೆನ್ಸರಿನ ಮೇಲೆ ಕುಂಕುಮ ಕರಗಿ ಗೆರೆಯಾಗಿ ಇಳಿದಿತ್ತು. ಕೆಳಗೆ ವೈರಿನ ಪ್ಲಗ್ ಸೇರುವ ಸಂದಿಯಲ್ಲಿ ಹಸಿರು. ಆ ಹಸಿರು ನನಗೆ ಚೆನ್ನಾಗಿ ಗೊತ್ತು. ದೇವರ ಮನೆಯ ತಾಮ್ರದ ಗಿಂಡಿಯಲ್ಲಿ ನೀರು ಉಳಿದರೆ ಕಟ್ಟುವ ಕಿಲುಬು ಅದು. ನಿತ್ಯ ಹುಣಸೆಹಣ್ಣು ಹಾಕಿ ಉಜ್ಜುವವಳು ನಾನೇ.

ಪುಣ್ಯಕ್ಕೆ ಫೋನಿಗೆ ಸಿಗ್ನಲ್ ಇತ್ತು. ಇಮ್ತಿಯಾಜ್‌ಗೆ ಹೇಳಿದೆ.

“ಅಲ್ಲಿಗೆ ನೀರು ಹೇಗೆ ಬಂತು ಅಕ್ಕಾ? ಮಳೆ ನೀರೂ ಹೋಗಲ್ಲ ಅಲ್ಲಿಗೆ!”

“ನಾನೇ ಹಾಕಿದ್ದು. ತೀರ್ಥ.”

“ಕೀ ತೆಗೀರಿ. ಕ್ಲಿಪ್ ಒತ್ತಿ ಪ್ಲಗ್ ಎಳ್ಕೊಳ್ಳಿ. ಹಸಿರು ಮೆಲ್ಲಗೆ ಕೆರೆದು, ಒಣ ಬಟ್ಟೇಲಿ ಒರೆಸಿ ತಿರುಗಿ ಹಾಕಿ,” ಎಂದ.

ಹೇರ್‌ಪಿನ್‌ನಿಂದ ಕೆರೆದೆ, ಸೆರಗಿನಿಂದ ಒರೆಸಿದೆ. ಕಾರು ಸ್ಟಾರ್ಟ್ ಆಯಿತು. ನಮ್ಮ ಸರದಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿದೆವು. ಅವರಿಗೆ ಸೂಜಿ ಚುಚ್ಚಿ ಯಂತ್ರ ಶುರುವಾದ ಮೇಲೆ ನಾನು ಬೆಂಚಿನ ಮೇಲೆ ಕೂತೆ. ಸಂತೋಷವಾಗಬೇಕಿತ್ತು, ಏನೂ ಆಗಲಿಲ್ಲ.

ಪ್ಲಗ್ಗಿನೊಳಗಿನ ರಬ್ಬರ್ ಹರಿದಿತ್ತಂತೆ, ತೀರ್ಥ ಅಲ್ಲೇ ನಿಂತು ಸೆನ್ಸರಿನ ಲೆಕ್ಕ ತಪ್ಪಿಸುತ್ತಿತ್ತಂತೆ. ಇಮ್ತಿಯಾಜ್ ಹೊಸ ಪ್ಲಗ್ ಹಾಕಿ, “ಬಾನೆಟ್ ಮುಚ್ಚಿದ್ರೂ ದೇವ್ರಿಗೆ ಕಾಣುತ್ತೆ ಅಕ್ಕಾ,” ಎಂದು ನಕ್ಕ. ಕಾರು ಆಮೇಲೆ ನಿಂತಿಲ್ಲ.

ಎಲ್ಲ ತಾಯಿಯ ಕೃಪೆ ಎಂದೆ. ನಿಮ್ಮ ತೀರ್ಥದಿಂದಲೇ ಕೆಟ್ಟ ಕಾರಿಗೆ ಕೃಪೆ ಎಲ್ಲಿಂದ ಬಂತು ಎಂದು ನಾದಿನಿ ಕೇಳಿದಳು. ಕಾರು ನಿಲ್ಲದಿರಲಿ ಎಂದು ನಾನು ಬೇಡಿದ್ದೆ. ಅದನ್ನು ನಿಲ್ಲಿಸುತ್ತಿದ್ದುದನ್ನು ತಾಯಿ ನನ್ನ ಕೈಯಿಂದ ತೆಗೆದಳು. ಅದಕ್ಕೆ ಇವರ ಬಾಯಾರಿಕೆಯನ್ನೇ ನೆಪ ಮಾಡಿಕೊಂಡಳು. ನನ್ನ ನಂಬಿಕೆ ಇಷ್ಟು, ಇದು ಮೊದಲಿಗಿಂತ ಗಟ್ಟಿ.

ಈಗ ಹೊರಡುವ ಮೊದಲು ತೀರ್ಥ ಅವರಿಗೇ, ಒಂದು ಉದ್ಧರಣೆ. ಮೊನ್ನೆ ಅದನ್ನು ಕುಡಿದು, ಕೈಯನ್ನು ತಲೆಗೆ ಸವರಿಕೊಂಡು, ಮತ್ತೆ ಅಂಗೈ ಚಾಚಿದರು. “ಇನ್ನೊಂದು ಹಾಕೇ.”

ಹಾಕಿದೆ. ಆಗ ನನಗೆ ಅಳು ಬಂತು. ಅದಕ್ಕೂ ತಾಯಿಗೆ ಕೈ ಮುಗಿದೆ.